ಹಾಸ್ಟೆಲಿನ ಮದ್ದಿನ ಡಬ್ಬಿ: ಏನಿರಲಿ, ಏನು ಬೇಡ

ಮೂಡುಬಿದಿರೆಯಲ್ಲಿ ಆಯುರ್ವೇದ, ಹೋಮಿಯೋಪತಿ, ನರ್ಸಿಂಗ್, ಫಿಸಿಯೋಥೆರಪಿ. ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ. ಬಂಟ್ವಾಳದಿಂದ ಮೆಲ್ಕಾರ್, ಮುಡಿಪು ದಾರಿಯಾಗಿ ದೇರಳಕಟ್ಟೆಗೆ ಹೋದರೆ, ಇಲ್ಲವೇ ಹೆದ್ದಾರಿ ಹಿಡಿದು ಮಂಗಳೂರಿಗೆ ಇಳಿದರೆ ಎಂಬಿಬಿಎಸ್, ಡೆಂಟಲ್, ಫಾರ್ಮಸಿ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಈ ಮೂರು ತಾಲೂಕುಗಳಲ್ಲಿ ಆರೋಗ್ಯ ವಿಜ್ಞಾನ ಓದುವ ಮಗನೋ ಮಗಳೋ ಇರುವ ಮನೆಗಳು ಬೇಕಾದಷ್ಟಿವೆ. ಮನೆಯಲ್ಲಿ ಯಾರಿಗಾದರೂ ತಲೆನೋವು ಬಂದರೆ ಮೊದಲ ಫೋನು ಅವರಿಗೇ. ಅವರಿಗೇ ಜ್ವರ ಬಂದರೆ? ಫೋನು ಯಾರಿಗೂ ಹೋಗುವುದಿಲ್ಲ. ಹಾಸ್ಟೆಲಿನ ಡಬ್ಬಿ ತೆರೆಯುತ್ತದೆ.

ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ 440 ವಿದ್ಯಾರ್ಥಿಗಳನ್ನು ಪ್ರಶ್ನಿಸಿ ನಡೆಸಿದ ಅಧ್ಯಯನವೊಂದು 2013ರಲ್ಲಿ ‘ಪ್ಲಾಸ್ ಒನ್’ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 78.6ರಷ್ಟು ಮಂದಿ ತಮಗೆ ತಾವೇ ಮದ್ದು ಮಾಡಿಕೊಳ್ಳುವವರು. ಹುಡುಗಿಯರಲ್ಲಿ ಈ ಪ್ರಮಾಣ ಶೇ 81.2, ಹುಡುಗರಲ್ಲಿ ಶೇ 75.3. ವೈದ್ಯರ ಬಳಿ ಯಾಕೆ ಹೋಗಲಿಲ್ಲ ಎಂಬುದಕ್ಕೆ ಹೆಚ್ಚಿನವರು, ಅಂದರೆ ಶೇ 70.5 ಮಂದಿ, ಕೊಟ್ಟ ಕಾರಣ ಒಂದೇ: ಅಷ್ಟು ದೊಡ್ಡ ಕಾಯಿಲೆಯೇನೂ ಅಲ್ಲ.

ಈ ಉತ್ತರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಎಂಬುದು ಪುಸ್ತಕದಲ್ಲಿದೆ. ಎಂಬಿಬಿಎಸ್‌ನ ಎರಡನೇ ಹಂತದಲ್ಲಿ, ಬಿ.ಎಸ್ಸಿ. ನರ್ಸಿಂಗ್‌ನ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಔಷಧಶಾಸ್ತ್ರ ಬಾಯಿಪಾಠವಾಗುತ್ತದೆ. ಆದರೆ ‘ಇದು ಸಣ್ಣ ಕಾಯಿಲೆ’ ಎನ್ನುವುದು ರೋಗನಿರ್ಣಯ. ಅದು ಕೈಗೆ ಬರಲು ವರ್ಷಗಟ್ಟಲೆ ರೋಗಿಗಳನ್ನು ನೋಡಬೇಕು. ಮದ್ದಿನ ಹೆಸರು ಬೇಗ ಗೊತ್ತಾಗುತ್ತದೆ, ಕಾಯಿಲೆಯ ಗುರುತು ತಡವಾಗಿ ಹತ್ತುತ್ತದೆ. ವಿದ್ಯಾರ್ಥಿ ಎಡವುವುದು ಈ ನಡುವಿನ ವರ್ಷಗಳಲ್ಲಿ. ಹಾಗಾಗಿ ಮಾತ್ರೆಯನ್ನೇ ಮುಟ್ಟಬೇಡಿ ಎಂಬ ಉಪದೇಶ ಇಲ್ಲಿಲ್ಲ. ಯಾವುದನ್ನು, ಎಷ್ಟು ದಿನ, ಎಲ್ಲಿಯವರೆಗೆ ಎಂಬ ಲೆಕ್ಕ ಇದೆ.

ಒಂದು ದಿನದ ಪ್ಯಾರಾಸಿಟಮಾಲ್ ಲೆಕ್ಕ

ಡಬ್ಬಿಯಲ್ಲಿ ಮೊದಲು ಕೈಗೆ ಸಿಗುವುದು ಡೋಲೋ. ಒಂದು ಮಾತ್ರೆಯಲ್ಲಿ 650 ಮಿ.ಗ್ರಾಂ. ಪ್ಯಾರಾಸಿಟಮಾಲ್. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ, ಅಂದರೆ 4,000 ಮಿ.ಗ್ರಾಂ. ಮೇಲ್ಮಿತಿ. ಐವತ್ತು ಕೆ.ಜಿ.ಗಿಂತ ಕಡಿಮೆ ತೂಕದವರಿಗೆ, ಊಟ ಬಿಟ್ಟವರಿಗೆ, ಮದ್ಯ ಕುಡಿಯುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಮಿತಿ ಇನ್ನೂ ಕೆಳಗೆ.

ಶೀತ, ಜ್ವರ, ಮೈಕೈ ನೋವು ಮೂರೂ ಒಟ್ಟಿಗೆ ಬಂದ ದಿನ ನಡೆಯುವುದು ಹೀಗೆ. ಜ್ವರಕ್ಕೆಂದು ನಾಲ್ಕು ಡೋಲೋ: 2,600. ಮೂಗು ಸೋರುತ್ತದೆಂದು ಶೀತದ ಮಾತ್ರೆ ಮೂರು ಸಲ. ಪೇಟೆಯಲ್ಲಿ ಸಿಗುವ ಹಲವು ಶೀತದ ಮಾತ್ರೆಗಳಲ್ಲಿ 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಇರುತ್ತದೆ, ಅಲ್ಲಿಗೆ 1,500. ಮೈಕೈ ನೋವಿಗೆ ಅಸೆಕ್ಲೋಫೆನಾಕ್ ಸೇರಿದ ನೋವಿನ ಮಾತ್ರೆ ಎರಡು. ಅದರಲ್ಲಿಯೂ ತಲಾ 325, ಒಟ್ಟು 650. ಕೂಡಿಸಿದರೆ 4,750 ಮಿ.ಗ್ರಾಂ. ಮೂರು ಬೇರೆ ಬೇರೆ ಮದ್ದು ತಿಂದೆ ಎಂದುಕೊಂಡವರು ತಿಂದದ್ದು ಒಂದೇ ಮದ್ದನ್ನು, ಅದೂ ಮಿತಿ ಮೀರಿ. ಪ್ಯಾರಾಸಿಟಮಾಲ್ ಮಿತಿಮೀರಿದಾಗ ಮೊದಲ ದಿನ ವಾಂತಿ, ಸುಸ್ತು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಯಕೃತ್ತಿಗೆ ಪೆಟ್ಟು ಬಿದ್ದದ್ದು ತಿಳಿಯುವಾಗ ಎರಡು ಮೂರು ದಿನ ದಾಟಿರುತ್ತದೆ.

ಆದ್ದರಿಂದ ಬ್ರ್ಯಾಂಡ್ ಹೆಸರು ನೋಡಿ ತಿನ್ನುವ ರೂಢಿ ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ಹೆಸರು ಓದಿ. ಶೀತದ ಮಾತ್ರೆ ತಿಂದರೆ ಡೋಲೋ ಬೇರೆ ಬೇಡ. ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್ ನಿದ್ದೆ ತರಿಸುತ್ತದೆ ಎಂಬುದೂ ನೆನಪಿರಲಿ. ಅದನ್ನು ನುಂಗಿ ಹೆದ್ದಾರಿಯಲ್ಲಿ ಬೈಕ್ ಓಡಿಸುವುದು, ನೈಟ್ ಡ್ಯೂಟಿಯಲ್ಲಿ ಬೇರೆಯವರಿಗೆ ಮದ್ದು ಅಳೆದು ಕೊಡುವುದು ಎರಡೂ ಅಪಾಯ.

ಸ್ಟ್ರಿಪ್ಪಿನ ಹಿಂಬದಿ ಓದಿ

ಸ್ಟ್ರಿಪ್ಪನ್ನು ಮಗುಚಿ ನೋಡಿ. ಉದ್ದಕ್ಕೆ ಕೆಂಪು ಗೆರೆ ಕಂಡರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮದ್ದು. ಆ್ಯಂಟಿಬಯೋಟಿಕ್‌ಗಳ ದುರ್ಬಳಕೆ ತಡೆಯಲು ಕೇಂದ್ರ ಸರ್ಕಾರ 2016ರಲ್ಲಿ ಈ ಕೆಂಪು ಗೆರೆಯ ಪ್ರಚಾರ ಶುರುಮಾಡಿತು. ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇದ್ದರೆ ಅದು ‘ಶೆಡ್ಯೂಲ್ ಎಚ್1’. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಈ ಪಟ್ಟಿಯಲ್ಲಿ ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್‌ಗಳು, ಕ್ಷಯದ ಮದ್ದುಗಳು, ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮತ್ತು ಆತಂಕದ ಮಾತ್ರೆಗಳಿವೆ. ಇವನ್ನು ಮಾರಿದಾಗ ಬರೆದುಕೊಟ್ಟ ವೈದ್ಯರ ಮತ್ತು ರೋಗಿಯ ಹೆಸರು, ಮದ್ದು ಮತ್ತು ಅದರ ಪ್ರಮಾಣವನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟುಕೊಳ್ಳಬೇಕು.

ಬಿಳಿ ಕೋಟು ಹಾಕಿಕೊಂಡು ಮೆಡಿಕಲ್‌ಗೆ ಹೋದರೆ ಚೀಟಿ ಕೇಳುವುದಿಲ್ಲ ಎಂಬುದು ಎಲ್ಲ ಹಾಸ್ಟೆಲುಗಳಿಗೂ ಗೊತ್ತಿರುವ ಗುಟ್ಟು. ಕೋಟು ಚೀಟಿಯಾಗುವುದಿಲ್ಲ. ಅಂಗಡಿಯವರು ಕೇಳದಿದ್ದರೂ ಕೇಳಿಕೊಳ್ಳಬೇಕಾದವರು ನೀವು. ಇನ್ನು, ನಾಲ್ಕೇ ಮಾತ್ರೆ ಬೇಕೆಂದು ಸ್ಟ್ರಿಪ್ ಕತ್ತರಿಸಿ ತರುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಇರುವ ತುಂಡನ್ನೇ ಕೇಳಿ ಪಡೆಯಿರಿ. ಹೆಸರಿಲ್ಲದ ತುಂಡು ಡಬ್ಬಿಯಲ್ಲಿದ್ದರೆ ಇವತ್ತೇ ಹೊರಗೆ ಹಾಕಿ.

ನಮ್ಮ ಕಡೆಯ ಜ್ವರಕ್ಕೆ ಹಲವು ಮುಖ

ಕರಾವಳಿಯ ಮಳೆಗಾಲದಲ್ಲಿ ‘ಸುಮ್ಮನೆ ಜ್ವರ’ ಎನ್ನುವುದಕ್ಕೆ ಧೈರ್ಯ ಬೇಕು. ದಕ್ಷಿಣ ಕನ್ನಡದಲ್ಲಿ ಡೆಂಗಿ ಇದೆ, ಇಲಿ ಜ್ವರ ಇದೆ. ಮಂಗಳೂರು ನಗರ ಬಹಳ ಕಾಲದಿಂದ ಮಲೇರಿಯಾಕ್ಕೆ ಹೆಸರಾದದ್ದು. ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಯ ನೆನಪಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ರೋಗ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಕಾಣಿಸಿಕೊಂಡಿತ್ತು. ಮೊದಲ ಎರಡು ದಿನ ಇವೆಲ್ಲವೂ ಒಂದೇ ಥರ: ಜ್ವರ, ತಲೆನೋವು, ಮೈಕೈ ನೋವು.

ಹಾಗಾಗಿ ಈ ಕ್ರಮ ಇಟ್ಟುಕೊಳ್ಳಿ:

• ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಮಿಕ್ ಆಸಿಡ್ ಯಾವುದೂ ಬೇಡ. ಡೆಂಗಿ ಆಗಿದ್ದರೆ ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಇಲಿ ಜ್ವರದಲ್ಲಿ ಮೊದಲೇ ಪೆಟ್ಟು ತಿಂದ ಮೂತ್ರಪಿಂಡಕ್ಕೆ ಇನ್ನಷ್ಟು ಭಾರ.
• ಜ್ವರ ಬಂದ ದಿನ ಮತ್ತು ಗಂಟೆ ಬರೆದಿಡಿ. ಥರ್ಮಾಮೀಟರ್ ಇಟ್ಟು ನೋಡಿ. ‘ಮೈ ಬಿಸಿ’ ಎಂಬುದು ಲೆಕ್ಕಕ್ಕೆ ಬಾರದು.
• ಚಳಿ ನಡುಕ ಇದ್ದರೆ ಮೊದಲ ದಿನವೇ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.
• 48 ಗಂಟೆ ದಾಟಿದರೂ ಜ್ವರ ಇಳಿಯದಿದ್ದರೆ ಒಪಿಡಿಗೆ ಹೋಗಿ. ಊರಿಗೆ ಹೋಗಿದ್ದಿರಾ, ತೋಟದ ಅಥವಾ ಗದ್ದೆಯ ನೀರಿಗೆ ಇಳಿದಿದ್ದಿರಾ, ಕಾಡಿನ ಕಡೆ ಹೋಗಿದ್ದಿರಾ ಎಂಬುದನ್ನು ವೈದ್ಯರಿಗೆ ಹೇಳಿ.
• ಜ್ವರ ಬಿಟ್ಟಿತೆಂದು ತಕ್ಷಣ ಪೋಸ್ಟಿಂಗ್‌ಗೆ ಓಡಬೇಡಿ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ನೇರ ಕ್ಯಾಷುವಾಲ್ಟಿಗೆ.

ಅಜಿತ್ರೋ ಮತ್ತು ಪ್ಯಾನ್-ಡಿ

ಗಂಟಲು ಕೆರೆದರೆ ‘ಮೂರು ದಿನ ಅಜಿತ್ರೋ ಹೊಡಿ, ಜೊತೆಗೆ ಪ್ಯಾನ್-ಡಿ’ ಎಂಬುದು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹರಿದುಬರುವ ಮಾತು. ಶೀತ, ಗಂಟಲುನೋವು ಬಹುಪಾಲು ವೈರಸ್‌ನವು. ಅವಕ್ಕೆ ಅಜಿತ್ರೋಮೈಸಿನ್ ನಾಟುವುದಿಲ್ಲ. ಮೂರು ದಿನಕ್ಕೆ ವಾಸಿಯಾದದ್ದು ತಾನಾಗಿಯೇ ವಾಸಿಯಾದದ್ದು. ಕೀರ್ತಿ ಮಾತ್ರ ಮಾತ್ರೆಗೆ ಹೋಗುತ್ತದೆ. ಪ್ಯಾನ್-ಡಿಯಲ್ಲಿ ಡಾಂಪೆರಿಡೋನ್ ಇದೆ. ಅಜಿತ್ರೋಮೈಸಿನ್, ಡಾಂಪೆರಿಡೋನ್ ಎರಡಕ್ಕೂ ಹೃದಯ ಬಡಿತದ ಲಯ ಏರುಪೇರು ಮಾಡುವ ಗುಣ ಇದೆ. ಇಸಿಜಿಯಲ್ಲಿ ಕ್ಯೂಟಿ ಅಂತರ ಹಿಗ್ಗುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ವಾಂತಿ ಭೇದಿಯಿಂದ ಪೊಟ್ಯಾಸಿಯಂ ಇಳಿದವರಿಗೆ, ಆಗಾಗ ತಲೆತಿರುಗಿ ಬೀಳುವವರಿಗೆ, ಚಿಕ್ಕ ವಯಸ್ಸಿನಲ್ಲೇ ಹಠಾತ್ ಸಾವು ಕಂಡ ಕುಟುಂಬದವರಿಗೆ ಈ ಜೋಡಿ ಸಲ್ಲದು. ರೋಗಿಗೆ ಕೊಡುವ ಮುನ್ನ ಕೇಳಬೇಕಾದ ಈ ಪ್ರಶ್ನೆಗಳನ್ನು ಸೀನಿಯರ್ ನಿಮ್ಮನ್ನು ಕೇಳಿದ್ದರೇ?

ಆ್ಯಂಟಿಬಯೋಟಿಕ್‌ನ ಇನ್ನೊಂದು ತೊಂದರೆ ಗುರುತು ಅಳಿಸುವುದು. ಟೈಫಾಯ್ಡ್‌ನಲ್ಲಿ ಮೊದಲೇ ನಾಲ್ಕು ಮಾತ್ರೆ ನುಂಗಿ ಹೋದರೆ ರಕ್ತದ ಕಲ್ಚರ್‌ನಲ್ಲಿ ರೋಗಾಣು ಸಿಗದೆ ಹೋಗಬಹುದು. ಲೆವೊಫ್ಲಾಕ್ಸಸಿನ್‌ನಂಥವು ಕ್ಷಯದ ಕೆಮ್ಮನ್ನು ಒಂದಷ್ಟು ದಿನ ತಗ್ಗಿಸಿ, ಪತ್ತೆಯಾಗುವುದನ್ನು ತಡಮಾಡುತ್ತವೆ. ವಾರ್ಡಿನಲ್ಲಿ ದಿನವೂ ಕೆಮ್ಮುವವರ ಪಕ್ಕದಲ್ಲಿ ನಿಲ್ಲುವವರು ನೀವು. ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಬದಲಿಸುತ್ತ ಕೂರಬೇಡಿ. ಕಫ ಪರೀಕ್ಷೆ ಮಾಡಿಸಿ. ರೂಮಿನಲ್ಲಿ ಉಳಿದ ಅರ್ಧ ಕೋರ್ಸಿನ ಮಾತ್ರೆಗಳನ್ನು ಮುಂದಿನ ಸಲಕ್ಕೆಂದು ಎತ್ತಿಡಲೇಬೇಡಿ.

ಮುಟ್ಟಿನ ನೋವು, ಮುಂದೂಡುವ ಮಾತ್ರೆ

ಮುಟ್ಟಿನ ಹೊಟ್ಟೆನೋವಿಗೆ ಮೆಫೆನಮಿಕ್ ಆಸಿಡ್ ಇರುವ ಮಾತ್ರೆ ಹುಡುಗಿಯರ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತದೆ. ಒಂದೆರಡು ದಿನ, ಊಟದ ನಂತರ ತೆಗೆದುಕೊಳ್ಳುವುದಕ್ಕೆ ಹೆಚ್ಚಿನವರಿಗೆ ಅಡ್ಡಿಯಿಲ್ಲ. ಆಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಈ ಮದ್ದಿನಿಂದ ಅಪರೂಪಕ್ಕೆ ‘ಡ್ರೆಸ್ ಸಿಂಡ್ರೋಮ್’ ಎಂಬ ತೀವ್ರ ಅಲರ್ಜಿ ಆಗಬಹುದೆಂದು ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ 2023ರ ನವೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು. ಮಾತ್ರೆ ತಿಂದ ಕೆಲ ವಾರಗಳೊಳಗೆ ಜ್ವರ, ಮೈಮೇಲೆ ಗಂಧೆ, ಗ್ರಂಥಿ ಊತ ಕಂಡರೆ ತಕ್ಷಣ ತೋರಿಸಬೇಕು. ತಿಂಗಳು ತಿಂಗಳು ನೋವು ಹೆಚ್ಚುತ್ತ ಹೋದರೆ, ಕ್ಲಾಸಿಗೇ ಹೋಗಲಾಗದಷ್ಟಾದರೆ ಮಾತ್ರೆಯ ಮೊರೆ ಸಾಕು, ಕಾರಣ ಹುಡುಕಿಸಿ.

ಇನ್ನೊಂದು ಮಾತ್ರೆ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಊರಿನ ನೇಮ, ಮನೆಯ ಪೂಜೆ, ಮದುವೆ ಬಂತೆಂದರೆ ಮುಟ್ಟು ಮುಂದೂಡುವ ನಾರ್‌ಎಥಿಸ್ಟಿರೋನ್. ಅಕ್ಕ ತಿಂದಿದ್ದಳು ಎಂಬುದೇ ಚೀಟಿ. ಇದು ಹಾರ್ಮೋನು. ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್, ಯಕೃತ್ತಿನ ಕಾಯಿಲೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಚರಿತ್ರೆ ತನಗಾಗಲಿ ಮನೆಯವರಿಗಾಗಲಿ ಇದ್ದರೆ ಅಪಾಯ. ತಿನ್ನಲೇಬೇಕೆಂದಿದ್ದರೆ ಹದಿನೈದು ದಿನ ಮೊದಲೇ ಸ್ತ್ರೀರೋಗ ತಜ್ಞರನ್ನು ಒಮ್ಮೆ ಕಾಣಿ. ಮಾತ್ರೆ ತಿನ್ನುವಾಗ ಒಂದು ಕಾಲು ಊದಿದರೆ, ಎದೆನೋವು, ಉಸಿರುಕಟ್ಟು ಬಂದರೆ ಆ ಕ್ಷಣವೇ ಆಸ್ಪತ್ರೆ.

ಗಜಕರ್ಣಕ್ಕೆ ಸ್ಟೀರಾಯ್ಡ್ ಕ್ರೀಮು

ಬೆವರು, ಒಣಗದ ಬಟ್ಟೆ, ಇಡೀ ದಿನ ಬಿಗಿ ಯೂನಿಫಾರ್ಮು. ಕರಾವಳಿಯ ಹಾಸ್ಟೆಲಿನಲ್ಲಿ ತೊಡೆಸಂದಿಯ ಗಜಕರ್ಣ ಮಾಮೂಲು. ನಾಚಿಕೆಗೆ ವೈದ್ಯರಿಗೆ ತೋರಿಸದೆ, ಮೂರು ನಾಲ್ಕು ಮದ್ದು ಬೆರೆಸಿದ ಕ್ರೀಮು ಹಚ್ಚುತ್ತಾರೆ. ಅದರೊಳಗಿನ ಸ್ಟೀರಾಯ್ಡ್ ತುರಿಕೆಯನ್ನು ಎರಡೇ ದಿನದಲ್ಲಿ ನಿಲ್ಲಿಸುತ್ತದೆ; ಶಿಲೀಂಧ್ರ ಮಾತ್ರ ಅಡಿಯಲ್ಲೇ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ, ಕ್ರೀಮು ಬಿಟ್ಟ ಕೂಡಲೇ ದುಪ್ಪಟ್ಟಾಗಿ ಮರಳುತ್ತದೆ. ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಸರ್ಕಾರ 2018ರಲ್ಲಿ ಚೀಟಿ ಬೇಕೇಬೇಕಾದ ಪಟ್ಟಿಗೆ ಸೇರಿಸಿದ್ದು ಇಂಥ ದುರ್ಬಳಕೆಯ ಕಾರಣಕ್ಕೇ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್ ಎಂದಿದ್ದರೆ ಕೆಳಗಿಡಿ. ಸಡಿಲ ಹತ್ತಿ ಬಟ್ಟೆ ತೊಡಿ, ಟವೆಲ್ ಹಂಚಿಕೊಳ್ಳಬೇಡಿ, ಚರ್ಮರೋಗ ತಜ್ಞರು ಹೇಳಿದಷ್ಟು ವಾರ ಮದ್ದು ಮುಗಿಸಿ.

ಪರೀಕ್ಷೆಯ ರಾತ್ರಿಗಳು

ಎಚ್ಚರವಿರಲು ಒಂದು, ನಿದ್ದೆಗೆ ಒಂದು, ವೈವಾದಲ್ಲಿ ಕೈ ನಡುಗದಿರಲು ಒಂದು. ವೈವಾಕ್ಕೆ ಮುನ್ನ ನುಂಗುವ ಪ್ರೊಪ್ರನೊಲಾಲ್ ಆಸ್ತಮಾ ಇರುವವರ ಶ್ವಾಸನಾಳ ಬಿಗಿಸಿ ಜೀವಕ್ಕೆ ಎರವಾಗಬಹುದು. ಆಲ್‌ಪ್ರಜೋಲಾಮ್ ಕೆಲವೇ ವಾರಗಳಲ್ಲಿ ಚಟವಾಗುತ್ತದೆ, ಓದಿದ್ದನ್ನು ನೆನಪಿಡುವ ಶಕ್ತಿಯನ್ನೇ ಮಂಕು ಮಾಡುತ್ತದೆ; ಚೀಟಿಯಿಲ್ಲದೆ ಇಟ್ಟುಕೊಂಡರೆ ಮಾದಕವಸ್ತು ಕಾಯ್ದೆಯ ಕುತ್ತೂ ಇದೆ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಕೆಟ್ಟರೆ, ಮನಸ್ಸು ಕುಸಿದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ; ಉಚಿತ, ಕನ್ನಡದಲ್ಲಿ ಮಾತಾಡಬಹುದು, ಕಾಲೇಜಿಗೆ ಸುದ್ದಿ ಹೋಗುವುದಿಲ್ಲ.

ಪೋಸ್ಟಿಂಗ್‌ನಲ್ಲಿ ಇರುವವರಿಗೆ

ಸುಸ್ತಾಗಿದೆ ಎಂದು ಗೆಳತಿಯ ಕೈಯಿಂದ ಡ್ರಿಪ್ ಹಾಕಿಸಿಕೊಳ್ಳುವುದು, ರೂಮಿನಲ್ಲಿ ನೋವಿನ ಇಂಜೆಕ್ಷನ್ ಚುಚ್ಚಿಕೊಳ್ಳುವುದು ಬೇಡವೇ ಬೇಡ. ಅಲರ್ಜಿಯಾದರೆ ಅಡ್ರಿನಲಿನ್ ಎಲ್ಲಿದೆ, ಆಕ್ಸಿಜನ್ ಎಲ್ಲಿದೆ? ವಾರ್ಡಿನಲ್ಲಿ ಸೂಜಿ ಚುಚ್ಚಿಕೊಂಡರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಗಾಯ ಹಿಂಡದೆ ಸೋಪು, ನೀರಿನಲ್ಲಿ ತೊಳೆದು ಕೂಡಲೇ ಕ್ಯಾಷುವಾಲ್ಟಿಗೆ ತಿಳಿಸಿ. ಎಚ್‌ಐವಿ ತಡೆಯುವ ಮದ್ದು ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. 28 ದಿನ ತಪ್ಪದೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ ಪೋಸ್ಟಿಂಗ್‌ಗೆ ಮೊದಲೇ ಮುಗಿದಿರಲಿ.

ಆಯುರ್ವೇದ ಓದುವವರೂ ಗಮನಿಸಿ

‘ನಮ್ಮದರಲ್ಲಿ ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತನ್ನು ಆಯುರ್ವೇದದ ಪಠ್ಯವೇ ಒಪ್ಪುವುದಿಲ್ಲ. ವಿಷದ್ರವ್ಯ ಸೇರಿದ ಔಷಧಿಗಳಿಗೆಂದೇ ಔಷಧ ನಿಯಮಗಳಲ್ಲಿ ‘ಶೆಡ್ಯೂಲ್ ಇ(1)’ ಪಟ್ಟಿ ಇದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ಲಿನಲ್ಲಿ ಇರಲೇಬೇಕು.

ತುಳುನಾಡಿನವರಿಗೆ ಇದು ಹೊಸ ಪಾಠವೂ ಅಲ್ಲ. ಆಟಿ ಅಮಾವಾಸ್ಯೆಯಂದು ಮನೆಮನೆಯಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಆ ಸ್ವಯಂ ಚಿಕಿತ್ಸೆಗೆ ಎಷ್ಟು ಕಟ್ಟಳೆ ನೋಡಿ: ಮರವನ್ನು ಗುರುತಿಸಬಲ್ಲವರೇ ತರಬೇಕು, ವರ್ಷಕ್ಕೆ ಒಂದೇ ದಿನ, ಖಾಲಿ ಹೊಟ್ಟೆಗೆ ಸ್ವಲ್ಪವೇ, ಆಮೇಲೆ ಮೆಂತ್ಯದ ಗಂಜಿ. ಗುರುತು ತಪ್ಪಿ ಕಾಸರಕದ ತೊಗಟೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ, ಪ್ರಾಣಕ್ಕೇ ಸಂಚಕಾರ. ಅಜ್ಜಿಯಂದಿರು ಕಹಿ ಕಷಾಯಕ್ಕೆ ಇಟ್ಟ ಎಚ್ಚರ, ಔಷಧಶಾಸ್ತ್ರ ಓದಿದ ಮೊಮ್ಮಕ್ಕಳ ಡಬ್ಬಿಗೆ ಬೇಡವೇ?

ನುಂಗುವ ಮುನ್ನ ಆರು ಸಾಲು

ರೋಗಿಗೆ ಕೇಸ್ ಶೀಟ್ ಬರೆಯುವ ಕೈಗೆ ತನ್ನದೊಂದು ಬರೆಯುವುದು ಕಷ್ಟವಲ್ಲ. ಫೋನಿನಲ್ಲೇ ಬರೆಯಿರಿ:

1. ತೊಂದರೆ ಏನು, ಎಂದಿನಿಂದ?
2. ನನಗೆ ಯಾವ ಮದ್ದಿನ ಅಲರ್ಜಿ? ಆಸ್ತಮಾ, ಗ್ಯಾಸ್ಟ್ರಿಕ್, ಗರ್ಭಧಾರಣೆಯ ಸಾಧ್ಯತೆ ಇದೆಯೇ?
3. ಕಳೆದ 24 ಗಂಟೆಯಲ್ಲಿ ಬೇರೆ ಏನು ತಿಂದಿದ್ದೇನೆ? ಕಷಾಯ, ಪೌಡರ್ ಕೂಡ ಸೇರಿಸಿ.
4. ಈ ಮಾತ್ರೆಯಲ್ಲಿ ಏನೇನಿದೆ, ಎಷ್ಟೆಷ್ಟು?
5. ಯಾವ ದಿನಕ್ಕೆ ನಿಲ್ಲಿಸುತ್ತೇನೆ?
6. ಏನಾದರೆ ಆಸ್ಪತ್ರೆಗೆ ಹೋಗುತ್ತೇನೆ?

ಐದು ಮತ್ತು ಆರಕ್ಕೆ ಉತ್ತರ ಬರೆಯಲಾಗದಿದ್ದರೆ ಆ ಮಾತ್ರೆ ನುಂಗಬೇಡಿ.

ಡಬ್ಬಿಯಲ್ಲಿ ಇಷ್ಟಿದ್ದರೆ ಸಾಕು

• ಪ್ಯಾರಾಸಿಟಮಾಲ್, ಒಂದು ಸ್ಟ್ರಿಪ್
• ಓಆರ್‌ಎಸ್ ಪೊಟ್ಟಣ ನಾಲ್ಕು. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿದರೂ ನಡೆಯುತ್ತದೆ.
• ಸೆಟ್ರಿಜಿನ್, ಒಂದು ಸ್ಟ್ರಿಪ್. ರಾತ್ರಿ ಮಾತ್ರ, ಗಾಡಿ ಓಡಿಸುವ ಮುನ್ನ ಬೇಡ.
• ಎದೆಯುರಿಗೆ ಆ್ಯಂಟಾಸಿಡ್
• ಪೊವಿಡೋನ್ ಅಯೋಡಿನ್, ಬ್ಯಾಂಡೇಜ್, ಡಿಜಿಟಲ್ ಥರ್ಮಾಮೀಟರ್

ಆ್ಯಂಟಿಬಯೋಟಿಕ್, ಸ್ಟೀರಾಯ್ಡ್, ನಿದ್ದೆ ಮಾತ್ರೆ, ಇಂಜೆಕ್ಷನ್, ವಾರ್ಡಿನಿಂದ ತಂದ ‘ಸ್ಯಾಂಪಲ್’ ಇವಕ್ಕೆ ಡಬ್ಬಿಯಲ್ಲಿ ಜಾಗವಿಲ್ಲ. ನಮ್ಮ ತೇವದ ಹವೆಗೆ ಗಾಳಿಯಾಡದ ಡಬ್ಬಿಯೇ ಬೇಕು. ಕಿಟಕಿ ದಂಡೆ, ಬಚ್ಚಲು ಮನೆ ಬೇಡ. ಸೆಮಿಸ್ಟರಿಗೊಮ್ಮೆ ದಿನಾಂಕ ನೋಡಿ ಖಾಲಿ ಮಾಡಿ.

ಯಾರನ್ನು ಕೇಳುವುದು

ಒಪಿಡಿ ಸರದಿಗೆ ಬೇಸತ್ತವರು, ಅಟೆಂಡೆನ್ಸ್ ಶಾರ್ಟೇಜಿಗೆ ಹೆದರುವವರು ಇ-ಸಂಜೀವಿನಿಯಲ್ಲಿ ರೂಮಿನಿಂದಲೇ ಉಚಿತವಾಗಿ ವೈದ್ಯರನ್ನು ಕಾಣಬಹುದು. ರಾಜ್ಯದ ಆರೋಗ್ಯ ಸಹಾಯವಾಣಿ 104, ತುರ್ತಿಗೆ 108. ಮದ್ದಿನಿಂದ ತೊಂದರೆಯಾಗಿದ್ದರೆ 1800-180-3024ಕ್ಕೆ ತಿಳಿಸಿ. ಇದು ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ, ರೋಗಿಯೂ ವರದಿ ಮಾಡಬಹುದು.

ಕಾಲೇಜುಗಳು ಮಾಡಬಹುದಾದದ್ದೂ ಇದೆ. ಜ್ವರ ಬಂದ ವಿದ್ಯಾರ್ಥಿಗೆ ವಾರ್ಡನ್ನರ ಒಂದು ಸಹಿಯಲ್ಲಿ ರಜೆ ಸಿಗಬೇಕು. ಸಂಜೆ ಕ್ಲಾಸು ಬಿಟ್ಟ ಮೇಲೆ ಒಂದು ತಾಸು ವಿದ್ಯಾರ್ಥಿಗಳಿಗೆಂದೇ ಒಪಿಡಿ ತೆರೆದಿರಬೇಕು. ಹೇಳಿಕೊಂಡದ್ದು ಸ್ಟಾಫ್ ರೂಮಿನ ಮಾತಾಗಬಾರದು. ಮನೆಯವರು, ಮಗಳು ನರ್ಸಿಂಗ್ ಓದುತ್ತಾಳೆಂದು ನೆರೆಮನೆಯ ಬಿಪಿ ಮಾತ್ರೆಯನ್ನೂ ಅವಳ ಬಳಿಯೇ ಕೇಳುವುದನ್ನು ಬಿಡಲಿ. ಸೀನಿಯರ್‌ಗಳಿಗೆ ಒಂದೇ ಕೋರಿಕೆ: ಜೂನಿಯರ್ ಬಂದು ‘ಅಣ್ಣ, ಗಂಟಲು ನೋವು, ಏನು ತಗೊಳ್ಳಲಿ’ ಎಂದಾಗ ಮಾತ್ರೆಯ ಹೆಸರು ಹೇಳಬೇಡಿ. ಎಷ್ಟು ದಿನವಾಯಿತು, ಜ್ವರ ಎಷ್ಟಿದೆ ಎಂದು ಕೇಳಿ. ಎರಡು ದಿನ ದಾಟಿದ್ದರೆ ಒಪಿಡಿಗೆ ಜೊತೆಯಲ್ಲಿ ಹೋಗಿ.